ಹಣೆಯಿಂದ ಇಳಿದು ಬಂದ ಮೂಗು



ನಾಲ್ಕು ಜನರ ಎದುರು ಸೋತು ಬಂದವನಿಗೆ ‘ಮುಖಭಂಗವಾಯಿತು’ ಎನ್ನುತ್ತೇವೆ. ಮರ್ಯಾದೆ ಕಳೆದುಕೊಂಡವನು ‘ಊರಿನಲ್ಲಿ ಮುಖ ತೋರಿಸುವ ಹಾಗಿಲ್ಲ’ ಎಂದು ಕೊರಗುತ್ತಾನೆ. ಶೂರ್ಪನಖಿಯ ಕಥೆ ಕೇಳದವರಂತೂ ನಿಮ್ಮಲ್ಲಿ ಇರಲಾರರು. ಇವೆಲ್ಲ ಬರಿಯ ಮಾತಿನ ಅಲಂಕಾರ ಎಂದು ತಿಳಿಯಬೇಡಿ. ಮೂಗು ಕೊಯ್ಯುವುದು ನಮ್ಮ ದೇಶದಲ್ಲಿ ಬಹುಕಾಲ ನಿಜವಾದ ಶಿಕ್ಷೆಯಾಗಿತ್ತು. 17ನೆಯ ಶತಮಾನದ ನಡುಭಾಗದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಯುದ್ಧವೊಂದಕ್ಕೆ ‘ಮೂಗಿನ ಯುದ್ಧ’ ಎಂದೇ ಹೆಸರು ಬಿದ್ದಿತ್ತು. ಎರಡು ಕಡೆಯವರೂ ಸಿಕ್ಕವರ ಮೂಗು ಕೊಯ್ದರು. ಈ ಗಾಯದಿಂದ ಮನುಷ್ಯ ಸಾಮಾನ್ಯವಾಗಿ ಸಾಯುವುದಿಲ್ಲ. ಸಾಯದೆ, ಎಲ್ಲರ ಕಣ್ಣಿಗೂ ಬೀಳುತ್ತ ಬದುಕಿರಬೇಕು ಎಂಬುದೇ ಆ ಶಿಕ್ಷೆಯ ಕ್ರೌರ್ಯ.

ಹಾಗೆ ಮೂಗು ಕಳೆದುಕೊಂಡ ಒಬ್ಬ ಸಾಮಾನ್ಯ ಮನುಷ್ಯನ ಮುಖ ಜಗತ್ತಿನ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಉಳಿದುಕೊಂಡಿದೆ. ಆತನ ಕಥೆ ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದ ಸುತ್ತಮುತ್ತ.

ಅದು ಮೂರನೆಯ ಮೈಸೂರು ಯುದ್ಧದ ಕಾಲ. ಟಿಪ್ಪು ಸುಲ್ತಾನನ ವಿರುದ್ಧ ಇಂಗ್ಲಿಷರು, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದಾಗಿ ನಿಂತಿದ್ದರು. ಆ ಯುದ್ಧದಲ್ಲಿ ಎತ್ತಿನ ಬೆಲೆ ಎಷ್ಟಿತ್ತೆಂದು ತಿಳಿಯಬೇಕಾದರೆ 1791ರ ಮೇ ತಿಂಗಳನ್ನು ನೋಡಬೇಕು. ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದಿದ್ದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ಹೋದದ್ದರಿಂದ ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಬೇಕಾಯಿತು. ಎತ್ತು ಇಲ್ಲದಿದ್ದರೆ ಫಿರಂಗಿ ಇಲ್ಲ, ಅಕ್ಕಿ ಇಲ್ಲ, ಮದ್ದುಗುಂಡು ಇಲ್ಲ. ಆದ್ದರಿಂದ ಶತ್ರುವಿನ ಎತ್ತು ಹೊಡೆಯುವವನು ಕೂಡ ಶತ್ರುವೇ. ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್‌ಜೀ ಎಂಬ ಮರಾಠಾ ರೈತ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವರು ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಈ ಸಂಗತಿಯನ್ನು ಬರೆದಿಟ್ಟವರು ಇಂಗ್ಲಿಷರು, ಅಂದರೆ ಎದುರು ಪಕ್ಷದವರು ಎಂಬುದನ್ನು ನೀವು ನೆನಪಿನಲ್ಲಿಡಬೇಕು. ಆದರೆ ಮೂಗಿಲ್ಲದ ಆ ಮುಖವನ್ನು ಅನೇಕರು ಕಣ್ಣಾರೆ ಕಂಡಿದ್ದರು.

ಆ ಸ್ಥಿತಿಯಲ್ಲೇ ಕವಾಸ್‌ಜೀ ಶ್ರೀರಂಗಪಟ್ಟಣದ ಬಳಿಯಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ. ಅನಂತರ ಪುಣೆಯ ಹತ್ತಿರ ಒಬ್ಬನ ಬಳಿಗೆ ಹೋದ. ಆ ಒಬ್ಬ ಯಾರು? ಆಸ್ಥಾನದ ವೈದ್ಯನಲ್ಲ, ಪಾಠಶಾಲೆಯ ಪಂಡಿತನೂ ಅಲ್ಲ. ಇಟ್ಟಿಗೆ ಮಾಡುವ ಜಾತಿಯವನು. ಮಣ್ಣು ಕಲಸಿ ಅಚ್ಚಿಗೆ ಹಾಕುವ ಕುಲದ ಕೈ ಅದು. ಆತ ಕವಾಸ್‌ಜೀಗೆ ಹೊಸ ಮೂಗು ಮಾಡಿದ. ಥಾಮಸ್ ಕ್ರೂಸೋ, ಜೇಮ್ಸ್ ಫಿಂಡ್ಲೇ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು.

ಅವರು ಕಂಡದ್ದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮೊದಲು ಆತ ಮೇಣದ ಒಂದು ತೆಳು ಹಾಳೆಯನ್ನು ಮೂಗಿನ ಮೋಟಿನ ಮೇಲಿಟ್ಟು, ಚೆನ್ನಾಗಿ ಕಾಣುವ ಮೂಗಿನ ಆಕಾರ ಬರುವಂತೆ ಒತ್ತಿ ತಿದ್ದಿದ. ಆಮೇಲೆ ಆ ಮೇಣವನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿದ. ಅದರ ಅಂಚಿನಗುಂಟ ಗೆರೆ ಎಳೆದ. ಗೆರೆಯ ಮೇಲೆಯೇ ಕತ್ತಿ ಆಡಿಸಿ ಹಣೆಯ ಚರ್ಮವನ್ನು ಬಿಡಿಸಿದ. ಆದರೆ ಪೂರ್ತಿ ಬಿಡಿಸಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯಷ್ಟು ಚರ್ಮವನ್ನು ಕತ್ತರಿಸದೆ ಹಾಗೆಯೇ ಉಳಿಸಿದ. ಎಲೆಗೆ ತೊಟ್ಟು ಇರುವ ಹಾಗೆ. ಇಡೀ ವಿದ್ಯೆಯ ಗುಟ್ಟು ಈ ತೊಟ್ಟಿನಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಬಳಿಕ ಹಳೆಯ ಮೂಗಿನ ಮೋಟಿನ ಅಂಚನ್ನು ಕೆರೆದು ಹಸಿ ಮಾಡಿ, ಅದರ ಸುತ್ತ ಮೇಲ್ದುಟಿಯವರೆಗೆ ಒಂದು ಸೀಳು ಕೊಟ್ಟ. ಹಣೆಯ ಚರ್ಮವನ್ನು ಕೆಳಕ್ಕೆ ತಂದು, ಅರ್ಧ ಸುತ್ತು ತಿರುಗಿಸಿ, ಅದರ ಅಂಚನ್ನು ಈ ಸೀಳಿನೊಳಗೆ ಸೇರಿಸಿದ. ಅರ್ಧ ಸುತ್ತು ಏಕೆ ಎಂದು ನೀವು ಕೇಳಬಹುದು. ಒಂದು ತುಂಡು ಕಾಗದಕ್ಕೆ ಹೊರಮೈಯಲ್ಲಿ ಬಣ್ಣ ಬಳಿದು, ತೊಟ್ಟಿರುವ ಎಲೆಯಂತೆ ಕತ್ತರಿಸಿ, ತೊಟ್ಟು ಹುಬ್ಬುಗಳ ನಡುವೆ ಬರುವಂತೆ ಹಣೆಯ ಮೇಲಿಟ್ಟು ನೋಡಿ. ನೇರವಾಗಿ ಕೆಳಕ್ಕೆ ಮಡಿಸಿದರೆ ಬಣ್ಣದ ಮೈ ಒಳಕ್ಕೆ ಹೋಗುತ್ತದೆ. ಚರ್ಮವಾಗಿದ್ದರೆ ಹಸಿಮಾಂಸ ಹೊರಕ್ಕೆ ಬಂದಿರುತ್ತಿತ್ತು. ಮಡಿಸದೆ, ತೊಟ್ಟಿನ ಮೇಲೆ ಪಕ್ಕಕ್ಕೆ ತಿರುಗಿಸಿ ಇಳಿಸಿದರೆ ಮಾತ್ರ ಬಣ್ಣ ಹೊರಗಡೆಯೇ ಉಳಿಯುತ್ತದೆ.

ಹೊಲಿಗೆ ಹಾಕಲಿಲ್ಲ. ತಾಂಬೂಲಕ್ಕೆ ಹಾಕಿಕೊಳ್ಳುವ ಕಾಚನ್ನು ನೀರಿನಲ್ಲಿ ಕಲಸಿ, ಬಟ್ಟೆಯ ಪಟ್ಟಿಗಳಿಗೆ ಬಳಿದು, ಅಂತಹ ಐದಾರು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಕೂಡಿಸಿದ ಜಾಗಕ್ಕೆ ಅಂಟಿಸಿದ. ಕಾಚಿನ ಒಗರು ನಿಮ್ಮ ಅಜ್ಜಿಯರಿಗೆ ಗೊತ್ತು. ಒಣಗಿದರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಂಡುಗಳನ್ನು ತುರುಕಿದ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಆ ತೊಟ್ಟನ್ನು ಕತ್ತರಿಸಿ, ಹೆಚ್ಚಾದ ಚರ್ಮವನ್ನು ಸರಿಪಡಿಸಿದ. ಇದೆಲ್ಲವೂ ಅರಿವಳಿಕೆಯ ಔಷಧ ಇನ್ನೂ ಬಾರದಿದ್ದ ಕಾಲದಲ್ಲಿ ನಡೆಯಿತು. ಮಲಗಿದವನ ಧೈರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ತೊಟ್ಟಿನ ವಿಷಯ. ಮರದಿಂದ ಕಿತ್ತ ಎಲೆ ಬಾಡುತ್ತದೆ, ಅಲ್ಲವೇ? ಚರ್ಮವೂ ಹಾಗೆಯೇ. ದಪ್ಪನೆಯ ಚರ್ಮದ ತುಂಡೊಂದನ್ನು ಪೂರ್ತಿ ಕತ್ತರಿಸಿ ಬೇರೆಡೆ ಅಂಟಿಸಿದರೆ, ರಕ್ತ ಸಿಗದೆ ಅದು ಕಪ್ಪಾಗಿ ಸಾಯುವುದೇ ಹೆಚ್ಚು. ಹುಬ್ಬಿನ ಒಳತುದಿಯ ಬಳಿ, ಎಡಕ್ಕೊಂದು ಬಲಕ್ಕೊಂದು, ಸಣ್ಣ ರಕ್ತನಾಳಗಳು ಹಣೆಯ ಮೇಲಕ್ಕೆ ಏರಿ ಹೋಗುತ್ತವೆ. ತೊಟ್ಟನ್ನು ಅಲ್ಲಿ ಉಳಿಸಿದರೆ ಹಣೆಯ ಚರ್ಮ ಮೂಗಿನ ಮೇಲೆ ಕುಳಿತಾಗಲೂ ಹಣೆಯ ರಕ್ತವನ್ನೇ ಕುಡಿಯುತ್ತಿರುತ್ತದೆ. ಅಷ್ಟರೊಳಗೆ ಮೂಗಿನ ಮೋಟಿನ ಕಡೆಯಿಂದ ಹೊಸ ಸೂಕ್ಷ್ಮನಾಳಗಳು ಅದರೊಳಕ್ಕೆ ಬೆಳೆಯುತ್ತವೆ. ಮೂರು ವಾರ ಕಳೆಯುವ ಹೊತ್ತಿಗೆ ಹೊಸ ಮನೆಯ ಅಡುಗೆಯೇ ಸಾಕಾಗುತ್ತದೆ. ತವರಿನ ಬುತ್ತಿ ಬೇಕಾಗುವುದಿಲ್ಲ. ಇಂದಿನ ಶಸ್ತ್ರವೈದ್ಯರು ಇದೇ ಕ್ರಮದಲ್ಲಿ ಮೂಗು ಕಟ್ಟಿದಾಗ ಸಾಮಾನ್ಯವಾಗಿ ಮೂರು ವಾರಕ್ಕೇ ತೊಟ್ಟು ಕತ್ತರಿಸುತ್ತಾರೆ. ಪುಣೆಯ ಇಟ್ಟಿಗೆಯವನು ಆ ನಾಳದ ಹೆಸರನ್ನು ಯಾವ ಪುಸ್ತಕದಲ್ಲೂ ಓದಿರಲಾರ. ತೊಟ್ಟು ಎಲ್ಲಿರಬೇಕು, ಎಷ್ಟು ದಿನ ಕಾಯಬೇಕು ಎಂಬುದು ಮಾತ್ರ ಆತನ ಕೈಗೆ ಗೊತ್ತಿತ್ತು.

ಆ ತಿಳಿವು ಎಲ್ಲಿಂದ ಬಂತು? ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನ, ಹಲವರ ಕೈ ಸೇರಿ ಬೆಳೆದ ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನವಿದೆ. ಅಲ್ಲಿ ಅಳತೆಗೆ ಮೇಣವಲ್ಲ, ಮರದ ಎಲೆ. ಚರ್ಮ ತೆಗೆಯುವುದು ಹಣೆಯಿಂದಲ್ಲ, ಕೆನ್ನೆಯಿಂದ. ಆದರೆ ಚರ್ಮದ ಒಂದು ಕಡೆಯನ್ನು ಬಿಡಿಸದೆ ಉಳಿಸಬೇಕು, ಉಸಿರಾಟಕ್ಕೆ ಎರಡು ನಳಿಕೆ ಇಡಬೇಕು, ಹತ್ತಿ ಮುಚ್ಚಿ ಎಳ್ಳೆಣ್ಣೆ ಚಿಮುಕಿಸಬೇಕು ಎಂಬ ಮಾತುಗಳನ್ನು ಓದುವಾಗ ಪುಣೆಯ ದೃಶ್ಯವೇ ಕಣ್ಣಿಗೆ ಕಟ್ಟುತ್ತದೆ. ಹರಿದ ಕಿವಿಹಾಲೆಯನ್ನು ಕೂಡಿಸಲು ಅದೇ ಗ್ರಂಥ 15 ಬಗೆಗಳನ್ನು ಹೇಳುತ್ತದೆ. ಭಾರವಾದ ಓಲೆ ತೊಟ್ಟು ಕಿವಿ ಹರಿದುಕೊಳ್ಳುವವರು ಆಗಲೂ ಇದ್ದರೆಂದು ಕಾಣುತ್ತದೆ. ಕೆನ್ನೆ ಹೋಗಿ ಹಣೆ ಬಂದದ್ದು ನನ್ನ ಮಟ್ಟಿಗೆ ದೊಡ್ಡ ಹೆಜ್ಜೆ. ಗ್ರಂಥವನ್ನು ಕಂಠಪಾಠ ಮಾಡಿದವರಿಗಿಂತ, ಎದುರಿಗಿದ್ದ ಮುಖವನ್ನು ದಿಟ್ಟಿಸಿ ನೋಡಿದವರು ಆ ಹೆಜ್ಜೆ ಇಟ್ಟಿರಬೇಕು.

ಯೂರೋಪಿನಲ್ಲೂ ಮೂಗಿನ ಕೊರತೆ ಇತ್ತು; ಕತ್ತಿವರಸೆಯ ಪಂದ್ಯಗಳೂ ಗುಹ್ಯರೋಗಗಳೂ ಅಲ್ಲಿ ಸಾಕಷ್ಟು ಮೂಗುಗಳನ್ನು ತಿಂದವು. 15ನೆಯ ಶತಮಾನದಲ್ಲಿ ಸಿಸಿಲಿಯ ಬ್ರಾಂಕಾ ಮನೆತನದವರು ಈ ವಿದ್ಯೆಯನ್ನು ಮನೆಯ ಗುಟ್ಟಾಗಿ ಇಟ್ಟುಕೊಂಡಿದ್ದರು. ಬೊಲೊನ್ಯಾದ ಪ್ರಾಧ್ಯಾಪಕ ತಾಲ್ಯಕೋಟ್ಸಿ 1597ರಲ್ಲಿ ಚಿತ್ರಗಳ ಸಮೇತ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅವರ ಕ್ರಮದಲ್ಲಿ ಚರ್ಮ ಬರುವುದು ತೋಳಿನಿಂದ. ತೋಳನ್ನು ಮುಖಕ್ಕೆ ಬಿಗಿದು ಕಟ್ಟಿ ವಾರಗಟ್ಟಲೆ ಹಾಗೆಯೇ ಇರಬೇಕು. ಅವರ ನಂತರ ಆ ವಿದ್ಯೆ ಅಲ್ಲಿ ಮೂಲೆಗೆ ಬಿತ್ತು.

ಹೀಗಿರುವಾಗ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ‘ಬಿ.ಎಲ್.’ ಎಂದಷ್ಟೇ ಸಹಿಯಿದ್ದ ಒಂದು ಪತ್ರ ಪ್ರಕಟವಾಯಿತು. ನಾನು ಮೇಲೆ ಹೇಳಿದ ಶಸ್ತ್ರಚಿಕಿತ್ಸೆಯ ವಿವರಗಳೆಲ್ಲ ಅದರಲ್ಲಿವೆ. ಜೊತೆಗೆ ಕವಾಸ್‌ಜೀಯ ಚಿತ್ರವೂ ಇತ್ತು. ಮೂಲಚಿತ್ರವನ್ನು ಬರೆದವರು ಜೇಮ್ಸ್ ವೇಲ್ಸ್ ಎಂಬ ಕಲಾವಿದ. ವೈದ್ಯರ ಹೆಸರು, ಚಿತ್ರಕಾರನ ಹೆಸರು ಎಲ್ಲವೂ ದಾಖಲಾದವು. ಮೂಗು ಮಾಡಿದವನ ಹೆಸರನ್ನು ಮಾತ್ರ ಆ ಪತ್ರ ಹೇಳುವುದಿಲ್ಲ. ಆದರೆ ಒಂದು ಮಾತನ್ನು ಅದು ಗಮನವಿಟ್ಟು ಬರೆದಿದೆ: ಕಾಲ ಕಳೆದಂತೆ ಹಣೆಯ ಮೇಲಿನ ಕಲೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ ಎಂದು.

ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ಈ ಸಂಗತಿಯನ್ನು ಬಿಡಲಿಲ್ಲ. ಭಾರತದಲ್ಲಿ ಇದ್ದು ಬಂದವರನ್ನು ಹುಡುಕಿ ಹುಡುಕಿ ವಿಚಾರಿಸಿದರು, ಶವಗಳ ಮೇಲೆ ಅಭ್ಯಾಸ ಮಾಡಿದರು. ಕೊನೆಗೆ 1814ರ ಅಕ್ಟೋಬರ್ 23ರಂದು ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದರು. ಅವರ ಎರಡನೆಯ ರೋಗಿ, 1811ರ ಆಲ್ಬುವೆರಾ ಯುದ್ಧದಲ್ಲಿ ಮುಖಕ್ಕೆ ಕತ್ತಿಯೇಟು ತಿಂದಿದ್ದ ಅಧಿಕಾರಿ. 1816ರಲ್ಲಿ ಅವರ ಪುಸ್ತಕ ಹೊರಬಂತು. 1818ರಲ್ಲಿ ಬರ್ಲಿನ್ನಿನ ಗ್ರೇಫೆ ತಮ್ಮ ಪುಸ್ತಕಕ್ಕೆ ‘ರೈನೋಪ್ಲಾಸ್ಟಿಕ್’ ಎಂದು ಹೆಸರಿಟ್ಟರು. ‘ಪ್ಲಾಸ್ಟಿಕ್’ ಎಂದೊಡನೆ ನಮಗೆ ಕೊಡ, ಬಕೆಟ್ಟುಗಳು ನೆನಪಾಗುತ್ತವೆ. ಆದರೆ ಆ ಗ್ರೀಕ್ ಮಾತಿನ ಅರ್ಥ ಅಚ್ಚಿಗೆ ತರುವುದು, ಮೆತ್ತನೆಯದಕ್ಕೆ ರೂಪ ಕೊಡುವುದು. ಇಟ್ಟಿಗೆಯವನ ಕಸುಬೂ ಅದೇ ತಾನೇ?

ಹಣೆಯ ಕಲೆ ಮಾಸಿತು ಎಂದು ಪತ್ರ ಹೇಳಿತಷ್ಟೆ. ಕೆಲವು ಕಲೆಗಳು ಮಾಸುವುದೇಕೆ, ಕೆಲವು ಹುರಿಯಂತೆ ಉಬ್ಬಿ ನಿಲ್ಲುವುದೇಕೆ? ಇದಕ್ಕೆ ಒಂದು ಎಳೆ ಸಿಕ್ಕಿದ್ದು ವಿಯೆನ್ನಾದಲ್ಲಿ. ಕಾರ್ಲ್ ಲಾಂಗರ್ ಎಂಬ ಅಂಗರಚನಾ ಶಾಸ್ತ್ರಜ್ಞರು ದುಂಡನೆಯ ದಬ್ಬಳದಂಥ ಉಪಕರಣದಿಂದ ಶವಗಳ ಚರ್ಮವನ್ನು ಚುಚ್ಚುತ್ತ ಹೋದರು. ತೂತು ದುಂಡಗಿರಬೇಕಾಗಿತ್ತು, ಆದರೆ ಚರ್ಮ ಅದನ್ನು ಒಂದು ದಿಕ್ಕಿಗೆ ಎಳೆದು ಕಣ್ಣಿನ ಆಕಾರದ ಸೀಳನ್ನಾಗಿ ಮಾಡುತ್ತಿತ್ತು. ಇಂತಹ ಸಾವಿರಾರು ಸೀಳುಗಳನ್ನು ಕೂಡಿಸಿ ದೇಹದ ತುಂಬ ಗೆರೆಗಳ ನಕ್ಷೆಯನ್ನು ಅವರು 1861ರಲ್ಲಿ ಪ್ರಕಟಿಸಿದರು. ಮರಕ್ಕೆ ನಾರು ಇರುವ ಹಾಗೆ ಚರ್ಮಕ್ಕೂ ಬಿಗಿತದ ದಿಕ್ಕಿದೆ ಎಂದಾಯಿತು. ಆ ದಿಕ್ಕಿನಲ್ಲೇ ಬಿದ್ದ ಗಾಯ ತಾನಾಗಿ ಮುಚ್ಚಿಕೊಳ್ಳಲು ನೋಡುತ್ತದೆ, ಕಲೆ ತೆಳುವಾಗುತ್ತದೆ. ಅಡ್ಡ ಬಿದ್ದ ಗಾಯವನ್ನು ಎರಡೂ ಕಡೆಯಿಂದ ಚರ್ಮ ಜಗ್ಗುತ್ತದೆ, ಕಲೆ ಅಗಲವಾಗುತ್ತದೆ. ಮುಖದ ಮಟ್ಟಿಗೆ ಇಂದು ವೈದ್ಯರು ನಂಬುವುದು ಹೆಚ್ಚಾಗಿ ಬದುಕಿರುವ ಮುಖದ ಸುಕ್ಕುಗಳನ್ನು. ಹಣೆ ಗಂಟಿಕ್ಕಿದಾಗ, ನಕ್ಕಾಗ ಬೀಳುವ ಮಡಿಕೆಗಳೊಳಗೆ ಹೊಲಿಗೆಯ ಗೆರೆಯನ್ನು ಅಡಗಿಸುತ್ತಾರೆ. ಗಾಯ ಅಡ್ಡವಾಗಿದ್ದರೆ ಅದರ ಗೆರೆಯನ್ನು ಅಂಕುಡೊಂಕಾಗಿ ಮುರಿದು ದಿಕ್ಕು ಬದಲಿಸುವ ಉಪಾಯವೂ ಉಂಟು. ಕಲೆಯನ್ನು ಅಳಿಸುವ ವಿದ್ಯೆ ಇಂದಿಗೂ ಇಲ್ಲ. ಎಲ್ಲಿ ಅಡಗಿಸಬೇಕೆಂಬ ವಿದ್ಯೆ ಇದೆ.

ಅರಿವಳಿಕೆ 1846ರಲ್ಲಿ ಬಂತು. 1867ರಲ್ಲಿ ಲಿಸ್ಟರ್ ನಂಜುನಿವಾರಣೆಯ ವಿಧಾನವನ್ನು ಪ್ರಕಟಿಸಿದರು. ಇವೆರಡೂ ಬಂದ ಮೇಲೆ ನಮ್ಮ ನಾಡಿನ ವಿದ್ಯೆ ನಮ್ಮವರೊಬ್ಬರ ಕೈಯಲ್ಲಿ ಮತ್ತೆ ಕಾಣಿಸಿಕೊಂಡಿತು. ಕಾಠಿಯಾವಾಡದ ಜುನಾಗಢದಲ್ಲಿ ಆಗ ಡಕಾಯಿತರು ಹಳ್ಳಿಗರ ಮೂಗು ಕೊಯ್ಯುತ್ತಿದ್ದರು. ಆ ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿ ತ್ರಿಭುವನದಾಸ್ ಮೋತಿಚಂದ್ ಶಾ ಹಣೆಯ ಚರ್ಮದಿಂದ ಅವರ ಮೂಗುಗಳನ್ನು ಕಟ್ಟಿಕೊಟ್ಟರು. 1889ರಲ್ಲಿ ಅಂತಹ ನೂರು ಜನರ ವಿವರವನ್ನು ಪುಸ್ತಕವಾಗಿ ಹೊರತಂದರು.

ಆದರೆ ಮುಖ ಒಡೆಯುವುದರಲ್ಲಿ ಡಕಾಯಿತರನ್ನೂ ಸುಲ್ತಾನರನ್ನೂ ಮೀರಿಸಿದ್ದು ಮೊದಲನೆಯ ಮಹಾಯುದ್ಧ. ಸೈನಿಕರು ಕಂದಕದೊಳಗೆ ನಿಂತಿದ್ದರು. ಮೈಯನ್ನು ಮಣ್ಣಿನ ಗೋಡೆ ಕಾಯುತ್ತಿತ್ತು. ತಲೆ ಎತ್ತಿದರೆ ಗುಂಡಿನ ಚೂರು ಬಡಿಯುತ್ತಿದ್ದುದು ಮುಖಕ್ಕೆ. 1916ರ ಜುಲೈ 1ರಂದು ಸೋಮ್ ಕದನ ಆರಂಭವಾದ ಮೇಲೆ, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಹೆರಾಲ್ಡ್ ಗಿಲೀಸ್ ಅವರ ಆಸ್ಪತ್ರೆಗೆ ಸುಮಾರು 2,000 ಗಾಯಾಳುಗಳು ಬಂದು ಬಿದ್ದರು. 1917ರಲ್ಲಿ ಲಂಡನ್ ಸಮೀಪದ ಸಿಡ್‌ಕಪ್‌ನಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆಯೊಂದು ತೆರೆಯಿತು. ಅಲ್ಲಿ 5,000ಕ್ಕೂ ಹೆಚ್ಚು ಜನರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಪೇಟೆಗೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕುಳಿತವರ ಮುಖ ನೋಡಿ ದಾರಿಹೋಕರು ಬೆಚ್ಚದಿರಲಿ ಎಂದು ಆ ಗುರುತು. ದೇಶಕ್ಕಾಗಿ ಹೋರಾಡಿ ಬಂದವರಿಗೂ ಮುಖವಿಲ್ಲದೆ ಬೀದಿಯಲ್ಲಿ ಜಾಗ ಇರಲಿಲ್ಲ ಎಂಬುದನ್ನು ಆ ನೀಲಿ ಬೆಂಚುಗಳು ಎಷ್ಟು ಸರಳವಾಗಿ ಹೇಳುತ್ತವೆ ನೋಡಿ.

ಗಿಲೀಸ್ ತಪ್ಪನ್ನೂ ಮಾಡಿದರು. ವಿಮಾನ ಉರುಳಿ ಮುಖವೆಲ್ಲ ಸುಟ್ಟಿದ್ದ ಒಬ್ಬ ಎಳೆಯ ಚಾಲಕನಿಗೆ 1918ರಲ್ಲಿ ಎದೆಯ ಚರ್ಮದ ದೊಡ್ಡ ಹಾಳೆಯನ್ನು ಒಂದೇ ಸಲಕ್ಕೆ ಮುಖದ ತುಂಬ ಹೊದಿಸಿದರು. ಚರ್ಮ ಹಿಡಿಯಲಿಲ್ಲ, ನಂಜಾಯಿತು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ಆಮೇಲೆ ಗಿಲೀಸ್ ಅವಸರ ಮಾಡಲಿಲ್ಲ. ಒಂದೊಂದು ಮುಖಕ್ಕೂ ಹಲವು ಹಂತ, ನಡುವೆ ತಿಂಗಳುಗಳ ವಿಶ್ರಾಂತಿ. ಇದಕ್ಕೂ ಮುನ್ನ, 1917ರ ಅಕ್ಟೋಬರಿನಲ್ಲಿ ಜಟ್ಲೆಂಡ್ ನೌಕಾಯುದ್ಧದಲ್ಲಿ ಸುಟ್ಟಿದ್ದ ನಾವಿಕನೊಬ್ಬನಿಗೆ ಚಿಕಿತ್ಸೆ ಮಾಡುವಾಗ, ಬಿಡಿಸಿದ ಚರ್ಮಪಟ್ಟಿಯ ಅಂಚುಗಳು ತಾವಾಗಿ ಒಳಕ್ಕೆ ಸುರುಳಿಯಾಗುವುದನ್ನು ಅವರು ಕಂಡಿದ್ದರು. ಸುರುಳಿಯನ್ನೇ ಹೊಲಿದು ಕೊಳವೆ ಮಾಡಿದರೆ ಹೇಗೆ? ಹಾಗೆ ಮಾಡಿದರು. ಹಸಿಮೈ ಕೊಳವೆಯ ಒಳಗೆ ಸೇರಿದ್ದರಿಂದ ಕೀವಿನ ಭಯ ಕಡಿಮೆಯಾಯಿತು, ರಕ್ತವೂ ಹರಿಯಿತು. ಪೆನಿಸಿಲಿನ್ ಇನ್ನೂ ಇಲ್ಲದ ದಿನಗಳಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಒಡೆಸ್ಸಾದ ಫಿಲಾಟೋವ್ ಕೂಡ ಇದೇ ಉಪಾಯಕ್ಕೆ ಬಂದಿದ್ದರು. ಆ ಕೊಳವೆ ಏನು? ಪುಣೆಯ ತೊಟ್ಟೇ, ಉದ್ದವಾಗಿ ಬೆಳೆದದ್ದು.

1970ರ ದಶಕದ ಹೊತ್ತಿಗೆ ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂತಹ ದಾರದಿಂದ ರಕ್ತನಾಳಗಳನ್ನೇ ಹೊಲಿಯಲು ಕಲಿತರು. ತೊಟ್ಟು ಕತ್ತರಿಸಿ, ಚರ್ಮವನ್ನು ತೊಡೆಯಿಂದಲೋ ಮುಂಗೈಯಿಂದಲೋ ತಂದು, ಮುಖದ ನಾಳಕ್ಕೆ ಕೂಡಿಸುವುದು ಸಾಧ್ಯವಾಯಿತು. 2005ರಲ್ಲಿ ಫ್ರಾನ್ಸಿನ ಅಮಿಯಾಂ ನಗರದಲ್ಲಿ, ನಾಯಿ ಕಚ್ಚಿ ಮೂಗು ತುಟಿ ಕಳೆದುಕೊಂಡಿದ್ದ ಮಹಿಳೆಗೆ ಮೃತರೊಬ್ಬರ ಮುಖಭಾಗವನ್ನೇ ಜೋಡಿಸಿದರು.

ನಮ್ಮಲ್ಲಿ ಇಂದು ಮುಖಕ್ಕೆ ಪೆಟ್ಟಾಗುವುದು ಕತ್ತಿಯಿಂದಲ್ಲ, ಹೆಚ್ಚಾಗಿ ರಸ್ತೆಯಿಂದ. ದ್ವಿಚಕ್ರ ವಾಹನದಿಂದ ಬಿದ್ದವರ ಗಾಯದೊಳಗೆ ಮಣ್ಣು, ಟಾರಿನ ಕಣ ಉಳಿದರೆ ಚರ್ಮ ಅದರ ಮೇಲೆಯೇ ಮುಚ್ಚಿಕೊಂಡು ಹಚ್ಚೆ ಹಾಕಿದಂತೆ ನೀಲಿಗಪ್ಪು ಗುರುತು ನಿಲ್ಲುತ್ತದೆ. ರಕ್ತ ನಿಲ್ಲಲೆಂದು ಮನೆಯಲ್ಲಿ ಮೆತ್ತುವ ಕಾಫಿಪುಡಿಯೂ ವೈದ್ಯರ ಕೆಲಸವನ್ನು ಹೆಚ್ಚಿಸುತ್ತದೆ. ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗುವುದೇ ಸರಿ. ಧನುರ್ವಾಯುವಿನ ಚುಚ್ಚುಮದ್ದನ್ನೂ ಅಲ್ಲಿ ನೋಡಿಕೊಳ್ಳುತ್ತಾರೆ. ತುಟಿ ಸೀಳಿದ್ದರೆ ವೈದ್ಯರು ಮೊದಲ ಹೊಲಿಗೆಯನ್ನು ತುಟಿಯ ಕೆಂಪು ಅಂಚಿಗೇ ಹಾಕುತ್ತಾರೆ. ಅಲ್ಲಿ 1 ಮಿಲಿಮೀಟರ್ ತಪ್ಪಿದರೂ ಎದುರಿಗಿದ್ದವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹುಬ್ಬನ್ನು ಬೋಳಿಸುವುದಿಲ್ಲ, ಅದರ ಗೆರೆಯೇ ಸರಿಯಾಗಿ ಕೂಡಿಸಲು ದಾರಿ. ಒಳಪದರವನ್ನು ಮೊದಲು ಹೊಲಿದು ಬಿಗಿತವನ್ನು ಅದಕ್ಕೆ ಹೊರಿಸಿ, ಮೇಲಿನ ತೆಳು ಹೊಲಿಗೆಗಳನ್ನು ಸುಮಾರು ಐದನೆಯ ದಿನಕ್ಕೆ ತೆಗೆಯುತ್ತಾರೆ; ತಡವಾದರೆ ದಾರದ ಗುರುತೇ ಏಣಿಯ ಮೆಟ್ಟಿಲಂತೆ ಉಳಿದೀತು. ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಗಟ್ಟಿಯಾಗಿರುವ ಕಲೆಯನ್ನು ಕಂಡು ಎಷ್ಟೋ ಹುಡುಗ ಹುಡುಗಿಯರು ಕನ್ನಡಿಯೆದುರು ಅಳುತ್ತಾರೆ. ಆದರೆ ಒಳಗಿನ ನಾರುಗಳು ಇನ್ನೂ ತಮ್ಮನ್ನು ಸರಿಪಡಿಸಿಕೊಳ್ಳುತ್ತಿರುತ್ತವೆ. ಅದು ಮೆತ್ತಗಾಗಿ ಬಣ್ಣ ತಿಳಿಯಾಗಲು ಒಂದು ವರ್ಷವೇ ಬೇಕಾಗಬಹುದು. ಅಷ್ಟರವರೆಗೆ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. ಕಲೆಯನ್ನು ತಿದ್ದುವ ಚಿಕಿತ್ಸೆಗೂ ವೈದ್ಯರು ಸಾಮಾನ್ಯವಾಗಿ ಆ ವರ್ಷ ಕಳೆಯಲೆಂದೇ ಕಾಯುತ್ತಾರೆ.

ಇಷ್ಟೆಲ್ಲ ಬಂದ ಮೇಲೂ, ಅಪಘಾತದಿಂದಲೋ ಅರ್ಬುದರೋಗದಿಂದಲೋ ಮೂಗಿನ ದೊಡ್ಡ ಭಾಗ ಕಳೆದುಕೊಂಡವರಿಗೆ ಶಸ್ತ್ರವೈದ್ಯರು ಮತ್ತೆ ಮತ್ತೆ ಆರಿಸಿಕೊಳ್ಳುವುದು ಹಣೆಯ ಚರ್ಮವನ್ನೇ. ಅದರ ಬಣ್ಣ, ಅದರ ದಪ್ಪ ಮೂಗಿಗೆ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ. ಪಾಠಪುಸ್ತಕಗಳು ಅದನ್ನು ‘ಭಾರತೀಯ ವಿಧಾನ’ ಎಂದೇ ಕರೆಯುತ್ತವೆ. ಇಂದಿನ ರೋಗಿಯೂ ಹುಬ್ಬುಗಳ ನಡುವೆ ಇಳಿಬಿಟ್ಟ ಆ ತೊಟ್ಟನ್ನು ಹೊತ್ತು ಮೂರು ವಾರ ಮನೆಯಲ್ಲಿ ಕುಳಿತಿರುತ್ತಾನೆ. ಕರೆಗಂಟೆ ಬಾರಿಸಿದರೆ ಬಾಗಿಲು ತೆರೆಯಲು ಹಿಂಜರಿಯುತ್ತಾನೆ, ದಿನ ಎಣಿಸುತ್ತಾನೆ. ತೊಟ್ಟು ಕತ್ತರಿಸಿದ ದಿನ ವೈದ್ಯರು ಹುಬ್ಬುಗಳನ್ನು ಅವುಗಳ ಜಾಗಕ್ಕೆ ಕೂಡಿಸಿ ನಾಲ್ಕು ಹೊಲಿಗೆ ಹಾಕಿ, ಕೈಗೆ ಕನ್ನಡಿ ಕೊಡುತ್ತಾರೆ.